ಸಿಸ್ಟರ್ ಹೇಳಿದ ಮೇಲೆ ಮುಗಿಯಿತು

ಬಂಗಾರಪೇಟೆ
೧೪–೬–೧೯೮೭

ಚಿ. ಸೌ. ಅಮ್ಮಾಜಿಗೆ ನಿನ್ನ ಅಕ್ಕ ಗಂಗರತ್ನ ಮಾಡುವ ಆಶೀರ್ವಾದಗಳು.

ಚಿಂತಾಮಣಿಯಲ್ಲಿ ನೀನೂ, ನಿಮ್ಮ ಯಜಮಾನರೂ, ಮಕ್ಕಳೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನ ಎರಡು ಕಾಗದಗಳೂ ತಲುಪಿವೆ. ಮೊದಲನೆಯದು ಯುಗಾದಿಗೆ ಮುಂಚೆಯೇ ಬಂದದ್ದು. ಇಷ್ಟು ದಿನ ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡ. ಹಸು ಕರು ಹಾಕಿತು, ಅದರ ಓಡಾಟ ಎಂದು ಬರೆಯೋಣ ಎಂದುಕೊಂಡಿದ್ದೆ. ಕರು ಹಾಕಿದ್ದು ನಿಜ, ಹೆಣ್ಣುಕರು. ಆದರೆ ಕಾರಣ ಅದಲ್ಲ. ನಿಮ್ಮ ಭಾವ ಎರಡು ಸಲ ಆಸ್ಪತ್ರೆ ಸೇರಿ ಬಂದರು.

ಗಾಬರಿಯಾಗಬೇಡ. ಈಗ ಎದ್ದು ಓಡಾಡುತ್ತಿದ್ದಾರೆ, ಬೆಳಗಿನ ಮಾರಿಕುಪ್ಪಂ ರೈಲು ಹತ್ತಿ ಕೆ.ಜಿ.ಎಫ್.ನ ನಂದಿದುರ್ಗ ಗಣಿಯ ಮರದ ಯಾರ್ಡಿಗೆ ಕೆಲಸಕ್ಕೂ ಹೋಗುತ್ತಿದ್ದಾರೆ. ದಿಮ್ಮಿ ಎತ್ತುವ ಕೆಲಸ ಬಿಡಿಸಿ ಕೂತು ಎಣಿಸುವ ಕೆಲಸ ಕೊಟ್ಟಿದ್ದಾರೆ. ಶುರುವಾದದ್ದು ಶಿವರಾತ್ರಿಯ ಹೊತ್ತಿಗೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಕಾಲು ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿತ್ತು, ಗೋಡೆಗೆ ದಿಂಬು ಒರಗಿಸಿಕೊಂಡು ಕೂತೇ ಇರುತ್ತಿದ್ದರು. ಹೃದಯಕ್ಕೆ ಶಕ್ತಿ ಸಾಲದು, ರಕ್ತ ತಳ್ಳಲಾರದೆ ಸೋತಿದೆ ಎಂದರು ಡಾಕ್ಟರು. ಹತ್ತು ದಿನ ಇಟ್ಟುಕೊಂಡು ಮಾತ್ರೆ ಬರೆದು ಕಳಿಸಿದರು.

ಮನೆಗೆ ಬಂದ ಎರಡು ವಾರಕ್ಕೆ ಆರಾಮಾಯಿತು. ಆರಾಮಾದದ್ದೇ ತಪ್ಪಾಯಿತು. ದಿನಾ ಕೈಗೆ ಮಾತ್ರೆ ಕೊಟ್ಟು, ನೀರು ಕೊಟ್ಟು ನಾನು ಹಸುವಿನ ಕಡೆಗೆ ಹೋಗುತ್ತಿದ್ದೆ. ಒಂದು ದಿನ ಕೊಟ್ಟಿಗೆ ಗುಡಿಸುವಾಗ ನೋಡಿದರೆ ಗೋಡೆಯ ಸಂದಿನಲ್ಲಿ ಬಿಳೀ ಮಾತ್ರೆಗಳ ರಾಶಿ! ಕೇಳಿದೆ, ಅತ್ತುಬಿಟ್ಟೆ, ಜಗಳ ಮಾಡಿದೆ. "ಮರ್ತೋಯ್ತು ಕಣೇ, ಬುಡು" ಎಂದರು. ಮರೆತವರು ಗೋಡೆಯ ಸಂದಿಗೆ ತುರುಕುತ್ತಾರೆಯೇ? ಹೀಗೇ ಮತ್ತೆ ಕಾಲು ಊದಿ, ಏಪ್ರಿಲ್‌ನಲ್ಲಿ ಎರಡನೇ ಸಲ ಕೆ.ಜಿ.ಎಫ್.ನ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು.

ಅಲ್ಲಿ ಒಬ್ಬಳು ನರ್ಸಮ್ಮ ಇದ್ದಾಳೆ. ಸೆಲ್ವರಾಣಿ ಎಂದು ಹೆಸರು. ನಲವತ್ತರ ಹತ್ತಿರ ವಯಸ್ಸು, ಎಣ್ಣೆಗಪ್ಪು ಬಣ್ಣ, ದೊಡ್ಡ ಕಣ್ಣು, ಎದೆಯ ಮೇಲೆ ತಲೆಕೆಳಗಾಗಿ ಸಿಕ್ಕಿಸಿಕೊಂಡ ಗಡಿಯಾರ. ಗಣಿ ಕೆಲಸಗಾರರ ಚಾಂಪಿಯನ್ ಲೈನಿನಲ್ಲಿ ಹುಟ್ಟಿ ಬೆಳೆದವಳು. ತಮಿಳು, ಕನ್ನಡ, ತೆಲುಗು ಎಲ್ಲವನ್ನೂ ಕಲಸಿ ಮಾತಾಡುತ್ತಾಳೆ. ವಾರ್ಡಿನ ಆ ತುದಿಯಿಂದಲೇ "ವೆಂಕಟೇಶಪ್ಪಾ, ಎಪ್ಪಡಿ ಇರ್ಕೀಂಗ? ಚೆನ್ನಾಗಿದೀರಾ?" ಎಂದು ಕೂಗುತ್ತಾಳೆ. ಅಮ್ಮಾಜಿ, ಮೂವತ್ತು ವರ್ಷದಲ್ಲಿ ನಾನು ಒಮ್ಮೆಯೂ ಬಾಯಿ ಬಿಟ್ಟು ಆಡದ ಹೆಸರು. ಅವಳು ದಿನಕ್ಕೆ ಹತ್ತು ಸಲ ಕೂಗುತ್ತಾಳೆ, ಇವರು ಮಂಚದ ಮೇಲೆ ನೆಟ್ಟಗೆ ಕೂರುತ್ತಾರೆ.

ಅವಳು ಸ್ಟೂಲ್ ಎಳೆದುಕೊಂಡು ಕೂತು ಕೇಳಿದ್ದು ಇಷ್ಟೇ: "ಮಾತ್ರೆ ಯಾಕೆ ಬಿಟ್ರಿ? ನಾನು ಬಯ್ಯಲ್ಲ, ನಿಜ ಹೇಳಿ." ಇವರು ನನ್ನ ಕಡೆ ನೋಡಿದರು, ಆಮೇಲೆ ನೆಲ ನೋಡಿದರು. "ನೀರಿನ ಮಾತ್ರೆ ತಕಂಡ್ರೆ ಅರ್ಧ ಗಂಟೆಗೊಂದ್ಸಲ ಓಗ್ಬೇಕು ಸಿಸ್ಟರ್. ರೈಲ್ನಲ್ಲಿ ಜನ ಬಗ್ಗಿ ಬಗ್ಗಿ ನೋಡ್ತಾರೆ. ಯಾರ್ಡ್‌ನಲ್ಲಿ ವೆಂಕಟೇಶಪ್ಪನ ನಲ್ಲಿ ಬುಟ್ಟವ್ರೆ ಅಂತ ನಗ್ತಾರೆ" ಎಂದರು. ಅವಳು ನಗಲಿಲ್ಲ. "ಹಾಗಾದ್ರೆ ಬೆಳಿಗ್ಗೆ ಬೇಡ. ಮೂರು ಗಂಟೆಗೆ ಮನೆಗೆ ಬಂದ ಮೇಲೆ ತಗೊಳ್ಳಿ. ಡಾಕ್ಟರನ್ನ ನಾನು ಕೇಳ್ತೀನಿ" ಎಂದಳು. ಕೇಳಿಬಂದಳು. ಅಷ್ಟಕ್ಕೇ ಮುಗಿಯಿತು. ನಾನು ವಾರಗಟ್ಟಲೆ ಅತ್ತು ಕರೆದರೂ ಹೊರಬೀಳದ ಮಾತು ಅವಳ ಮುಂದೆ ಐದು ನಿಮಿಷದಲ್ಲಿ ಬಿತ್ತು. ಸಂತೋಷಪಡಬೇಕಾಗಿತ್ತು ನಾನು. ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಂತಾಯಿತು.

ಈಗ ಪ್ರತಿ ಮಂಗಳವಾರ ಮಧ್ಯಾಹ್ನ ಆಸ್ಪತ್ರೆಯ ಜಗಲಿಯಲ್ಲಿ ಅವಳ ಕ್ಲಾಸು. ಇವರಂಥ ಎಂಟು ಹತ್ತು ಗಂಡಸರು ಬೆಂಚಿನ ಮೇಲೆ ಕೂರುತ್ತಾರೆ. ಹೆಂಗಸರು ಹಿಂದೆ ಗೋಡೆಗೊರಗಿ ನಿಲ್ಲುತ್ತೇವೆ. "ಗಣಿಯಲ್ಲಿ ನೀರೆತ್ತೋ ಪಂಪು ಸೋತ್ರೆ ಏನಾಗುತ್ತೆ?" ಎಂದು ಕೇಳುತ್ತಾಳೆ. "ಕೆಳಗೆ ನೀರು ನಿಂತ್ಕತದೆ" ಎಂದು ಎಲ್ಲರೂ ಒಟ್ಟಿಗೆ ಹೇಳುತ್ತಾರೆ, ಸ್ಕೂಲು ಹುಡುಗರ ಹಾಗೆ. "ಎದೆ ಸೋತರೂ ಹಾಗೇ. ನೀರು ಕಾಲಿಗೆ ಇಳಿಯುತ್ತೆ, ಶ್ವಾಸಕೋಶಕ್ಕೆ ಏರುತ್ತೆ. ಉಪ್ಪು ತಿಂದ್ರೆ ಆ ನೀರು ಮೈಯಲ್ಲೇ ನಿಲ್ಲುತ್ತೆ. ಉಪ್ಪು ವೇಂಡಾ, ಬೇಡ ಅಂದ್ರೆ ಬೇಡ." ದಿನಾ ಬೆಳಿಗ್ಗೆ ತೂಕ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯಬೇಕಂತೆ. ಎರಡು ಮೂರು ದಿನದಲ್ಲಿ ಎರಡು ಕೆ.ಜಿ. ಏರಿದರೆ ಅದು ಮೈಗೆ ಹತ್ತಿದ್ದಲ್ಲ, ನೀರು ತುಂಬಿದ್ದು, ಓಡಿ ಬರಬೇಕಂತೆ. ನಿಮ್ಮ ಭಾವ ದಿನಾ ರೈಲಿಗೆ ಮುಂಚೆ ಬಚ್ಚಪ್ಪನ ರೇಷನ್ ಡಿಪೋಗೆ ಹೋಗಿ, ಮೂಟೆ ತೂಗುವ ಯಂತ್ರದ ಮೇಲೆ ನಿಂತು ಬರುತ್ತಾರೆ. ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟ ಮನುಷ್ಯ, ಈಗ ಪೆನ್ಸಿಲ್ ನಾಲಿಗೆಗೆ ಒತ್ತಿ ಒತ್ತಿ ಐವತ್ತೆಂಟು ಎಂದು ಅಂಕಿ ಬರೆಯುತ್ತಾರೆ.

ನಾನು ಏನು ಹೇಳಿದರೂ "ಸಿಸ್ಟರ್ ಏಳವ್ರೆ" ಎಂಬ ಒಂದೇ ಮಾತು. ಬೀಡಿ ಬಿಟ್ಟರು, ಸಿಸ್ಟರ್ ಹೇಳಿದ್ದಾಳೆ. ನೀರು ಅಳೆದು ಕುಡಿಯುತ್ತಾರೆ, ಸಿಸ್ಟರ್ ಹೇಳಿದ್ದಾಳೆ. ಮಂಗಳವಾರ ಇಸ್ತ್ರಿ ಮಾಡಿದ ಷರಟು ಹಾಕಿ ತಲೆ ಬಾಚುತ್ತಾರಲ್ಲ, ಅದನ್ನು ಯಾರು ಹೇಳಿದರೋ ಕಾಣೆ. ಇದನ್ನೆಲ್ಲ ಬರೆಯುತ್ತಾ ನನಗೇ ನಾಚಿಕೆಯಾಗುತ್ತಿದೆ. ನಲವತ್ತೆಂಟು ವರ್ಷದವಳು, ಮಗಳನ್ನು ಮುಳಬಾಗಿಲಿಗೆ ಕೊಟ್ಟು ಅಜ್ಜಿಯಾದವಳು. ನಿನಗಲ್ಲದೆ ಯಾರಿಗೆ ಬರೆಯಲಿ?

ಮಕ್ಕಳಿಗೆ ನನ್ನ ಮುತ್ತುಗಳು. ನಿನ್ನ ಮನೆ ತಣ್ಣಗಿರಲಿ.

ನಿನ್ನ ಅಕ್ಕ,
ಗಂಗರತ್ನ


ಬಂಗಾರಪೇಟೆ
೩೦–೮–೧೯೮೭

ಚಿ. ಸೌ. ಅಮ್ಮಾಜಿಗೆ ಆಶೀರ್ವಾದಗಳು.

ಈ ಕಾಗದವನ್ನು ಓದಿದ ಮೇಲೆ ಒಲೆಗೆ ಹಾಕು.

ಹೋದ ತಿಂಗಳು ಅವಳು ನಮ್ಮ ಮನೆಗೇ ಬಂದಿದ್ದಳು. ಬಂಗಾರಪೇಟೆಯಲ್ಲಿರುವ ಮೂರು ಮನೆಯ ರೋಗಿಗಳನ್ನು ರಜೆಯ ದಿನ ರೈಲಿನಲ್ಲಿ ಬಂದು ನೋಡಿಹೋಗುತ್ತಾಳಂತೆ. ನಾನು ಕಾಫಿ ಕೊಟ್ಟೆ. ಕುಡಿದು, ಲೋಟ ತಾನೇ ತೊಳೆಯಲು ಒಳಗೆ ಬಂದವಳು ನನ್ನ ಅಡುಗೆಮನೆಯ ಗೂಡು ನೋಡಿದಳು. ಉಪ್ಪಿನಕಾಯಿ ಜಾಡಿಯ ಬಟ್ಟೆ ಬಿಚ್ಚಿ ಮೂಸಿ, "ಅಬ್ಬಾ, ಎಷ್ಟು ಚೆನ್ನಾಗಿದೆ ಅಮ್ಮಾ! ಆದರೆ ಅವರಿಗೆ ಒಂದು ಹೋಳೂ ಕೊಡಬೇಡಿ. ಹಪ್ಪಳ, ಸಂಡಿಗೆ, ಕರುವಾಡು ಯಾವುದೂ ಬೇಡ. ಸಾರಿಗೂ ಉಪ್ಪು ಹಾಕಬೇಡಿ" ಎಂದಳು. ಕರುವಾಡು ಎಂದರೆ ಅವರ ಕಡೆ ಒಣಮೀನು. ನಮ್ಮತ್ತೆ ಬದುಕಿದ್ದಾಗಲೂ ಆ ಜಾಡಿಯ ಬಟ್ಟೆಯನ್ನು ನಾನಲ್ಲದೆ ಇನ್ನೊಬ್ಬರು ಬಿಚ್ಚಿರಲಿಲ್ಲ.

ಹೇಳಿದ ಹಾಗೆ ಮಾಡಿದೆ. ಉಪ್ಪಿಲ್ಲದ ಸೊಪ್ಪಿನ ಸಾರು, ಉಪ್ಪಿಲ್ಲದ ಹುರುಳಿಕಾಳು. ನನಗೇ ನುಂಗಲಾಗುತ್ತಿರಲಿಲ್ಲ. ಇವರು ಮಾತಿಲ್ಲದೆ ಉಂಡರು. ನಿನಗೆ ನೆನಪಿರಬೇಕು, ನಮ್ಮ ಮದುವೆಯಾದ ವರ್ಷ ಬಸ್ಸಾರಿಗೆ ಉಪ್ಪು ಕಡಿಮೆಯಾಯಿತೆಂದು ತಟ್ಟೆಯನ್ನು ಅಂಗಳಕ್ಕೆ ಎಸೆದ ಪುಣ್ಯಾತ್ಮ ಇವರೇ. ಈಗ ಅವಳಿಗಾಗಿ ಮಣ್ಣು ಬಡಿಸಿದರೂ ಉಣ್ಣುತ್ತಾರೆ. "ಎಂಗದೆ?" ಎಂದು ಕೇಳಿದರೆ "ಅಭ್ಯಾಸ ಆಯ್ತದೆ ಅಂತ ಸಿಸ್ಟರ್ ಏಳವ್ರೆ" ಎಂದರು. ನನ್ನ ಕೈಯ ಅಡುಗೆಗೆ ಅಭ್ಯಾಸವಾಗಬೇಕಂತೆ, ಮೂವತ್ತು ವರ್ಷದ ಮೇಲೆ.

ಗುರುವಾರದಿಂದ ನಾನು ಸಾರಿಗೆ ಉಪ್ಪು ಹಾಕುತ್ತಿದ್ದೇನೆ. ಮೊದಲ ದಿನ ಒಂದು ಚಿಟಿಕೆ, ಆಮೇಲೆ ಇನ್ನೊಂದಿಷ್ಟು. ನಿನ್ನೆ ಮೊಳಕೆ ಹುರುಳಿ ಸಾರಿಗೆ ಹದವಾಗಿಯೇ ಹಾಕಿದೆ. ಎದುರಿಗೆ ಕೂತು ನೋಡಿದೆ. ಎರಡು ಮುದ್ದೆ ಉಂಡರು, ತಟ್ಟೆಯನ್ನು ಬೆರಳಿನಿಂದ ಸವರಿ ತಿಂದರು. ಅವಳ ಕ್ಲಾಸು, ಅವಳ ನೋಟ್‌ಬುಕ್ಕು ಎಲ್ಲ ಒಂದು ಕಡೆಗಿರಲಿ, ಆ ಎರಡನೇ ಮುದ್ದೆ ನನ್ನದು. ಇಷ್ಟಕ್ಕೆ ಏನೂ ಆಗಲಾರದು. ನೀನು ಭಯಪಟ್ಟುಕೊಳ್ಳಬೇಡ.

ಹಸು ಚೆನ್ನಾಗಿ ಹಾಲು ಕೊಡುತ್ತಿದೆ. ಎಲ್ಲರಿಗೂ ಒಳ್ಳೆಯದಾಗಲಿ.

ಗಂಗರತ್ನ


ಬಂಗಾರಪೇಟೆ
೨೫–೧೦–೧೯೮೭

ಚಿ. ಸೌ. ಅಮ್ಮಾಜಿಗೆ ನಿನ್ನ ಅಕ್ಕನ ಅನಂತ ಆಶೀರ್ವಾದಗಳು.

"ಅಕ್ಕಾ, ನಿನ್ನ ಕಾಲಿಗೆ ಬೀಳುತ್ತೇನೆ, ಇವತ್ತೇ ನಿಲ್ಲಿಸು" ಎಂದು ನೀನು ಬರೆದ ಕಾಗದ ಸೆಪ್ಟೆಂಬರ್ ಹದಿನಾಲ್ಕಕ್ಕೆ ನನ್ನ ಕೈ ಸೇರಿತು. ನಿಮ್ಮ ಭಾವ ಆಸ್ಪತ್ರೆ ಸೇರಿ ಎರಡು ದಿನವಾಗಿತ್ತು. ಆ ಕಾಗದವನ್ನು ಕುಪ್ಪಸದೊಳಗೆ ಇಟ್ಟುಕೊಂಡು ತಿರುಗಿದೆನೇ ಹೊರತು ಉತ್ತರ ಬರೆಯುವ ಮುಖ ಇರಲಿಲ್ಲ. ಈಗ ದೀಪಾವಳಿ ಮುಗಿಯಿತು. ಇವರು ಜೀವಂತವಾಗಿದ್ದಾರೆ, ಮನೆಯಲ್ಲಿದ್ದಾರೆ. ಮೊದಲು ಅಷ್ಟು ತಿಳಿದುಕೋ. ಆಮೇಲೆ ಉಳಿದದ್ದು ಓದು.

ಆ ತಿಂಗಳ ಎರಡನೇ ಮಂಗಳವಾರ ಸೆಲ್ವರಾಣಿ ನೋಟ್‌ಬುಕ್ ನೋಡಿ ಹುಬ್ಬು ಗಂಟಿಕ್ಕಿದಳು. ಐವತ್ತೆಂಟು ಇದ್ದದ್ದು ಅರವತ್ತೂವರೆ ಆಗಿತ್ತು. ಜಗಲಿಯಲ್ಲೇ ನೆಲದ ಮೇಲೆ ಕೂತು, ಇವರ ಪಾದವನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡು, ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದಳು. ಬೆರಳು ತೆಗೆದರೂ ಕುಳಿ ಹಾಗೇ ಉಳಿಯಿತು, ಹಿಟ್ಟಿನಲ್ಲಿ ಒತ್ತಿದ ಹಾಗೆ. "ಏನು ತಿಂದ್ರಿ? ನಿಜ ಹೇಳಿ" ಎಂದಳು.

ನಾನು ಗೋಡೆಯ ಹತ್ತಿರ ನಿಂತಿದ್ದೆ. ಇವರು ಅವಳಿಗೆ ಯಾವತ್ತೂ ಸುಳ್ಳು ಹೇಳಿದವರಲ್ಲ.

"ಸ್ಟೇಷನ್‌ನಲ್ಲಿ ಬೋಂಡ ತಿಂದೆ ಸಿಸ್ಟರ್. ದಿನಾ ತಿಂದೆ" ಎಂದರು.

ಎಲ್ಲರ ಮುಂದೆ ಬೈದಳು. "ಸಾಯ್ಬೇಕು ಅಂತ ಇದ್ರೆ ಹೇಳಿಬಿಡಿ ವೆಂಕಟೇಶಪ್ಪಾ, ನನ್ನ ಮಂಗಳವಾರ ಉಳಿಯುತ್ತೆ!" ಬೆಂಚಿನ ಮೇಲಿದ್ದವರು ನಕ್ಕರು. ಇವರು ತಲೆ ತಗ್ಗಿಸಿ ಕೂತರು. ಡಾಕ್ಟರನ್ನು ಕೇಳಿಬಂದು ನೀರಿನ ಮಾತ್ರೆ ಒಂದಿದ್ದದ್ದನ್ನು ಎರಡು ಮಾಡಿದಳು. ಇವರು ಬೋಂಡ ತಿಂದಿದ್ದಾರೆಂದು ನಾನೂ ನಂಬಿಬಿಟ್ಟೆ ಅಮ್ಮಾಜಿ, ನಂಬಿದರೆ ನನಗೆ ಅನುಕೂಲವಿತ್ತು. ಅವತ್ತೇ ಉಪ್ಪಿನ ಡಬ್ಬಿಯನ್ನು ಅಟ್ಟಕ್ಕೆ ಎಸೆಯಬೇಕಾಗಿತ್ತು. ಆದರೆ ನನ್ನ ಕಣ್ಣ ಮುಂದೆ ಇದ್ದದ್ದು ಅವಳ ತೊಡೆಯ ಮೇಲಿನ ಇವರ ಪಾದ. ಮನೆಗೆ ಬಂದು ಬಸ್ಸಾರು ಮಾಡಿದೆ. ಹಿಂದಿಗಿಂತ ಜಾಸ್ತಿಯೇ ಹಾಕಿದೆ. ನಾಲ್ಕು ದಿನ ಹಾಕಿದೆ.

ಶನಿವಾರ ಬೆಳಿಗ್ಗೆ ಬಚ್ಚಪ್ಪನ ಡಿಪೋದಿಂದ ಆಳು ಓಡಿಬಂದ. ತೂಕದ ಯಂತ್ರದ ಮೇಲೆ ನಿಂತವರು ಹಾಗೇ ಕುಸಿದು ರಾಗಿ ಮೂಟೆಗೆ ಒರಗಿ ಕೂತಿದ್ದರು. ತುಟಿ ನೀಲಿಯಾಗಿತ್ತು. ಉಸಿರಿನ ಜೊತೆಗೆ ಎದೆಯೊಳಗೆ ಗೊರ ಗೊರ ಸದ್ದು, ಬಾಯಲ್ಲಿ ನೊರೆ. ಬಚ್ಚಪ್ಪ ತನ್ನ ಮೂಟೆ ಸಾಗಿಸುವ ವ್ಯಾನಿನಲ್ಲೇ ಕೂರಿಸಿಕೊಂಡು ಕೆ.ಜಿ.ಎಫ್.ಗೆ ಹೊರಟ. "ಅಕ್ಕಾ, ಅರವತ್ಮೂರು ಬಂದದೆ ನೋಡಕ್ಕಾ ತೂಕ" ಎಂದು ದಾರಿಯುದ್ದಕ್ಕೂ ಅದನ್ನೇ ಹೇಳುತ್ತಿದ್ದ. ನಾನು ಇವರ ಬೆನ್ನಿಗೆ ಎದೆ ಕೊಟ್ಟು ಕೂತಿದ್ದೆ. ಕಿವಿಗೆ ಆ ಗೊರ ಗೊರ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಅದು ನನ್ನ ಕೈಯ ನೀರು.

ಎರಡು ದಿನ ಆಮ್ಲಜನಕ ಇಟ್ಟಿದ್ದರು. ಮೂರನೆಯ ದಿನ ಮಧ್ಯಾಹ್ನ ಕಣ್ಣು ಬಿಟ್ಟು ನೀರು ಕೇಳಿದರು. ಆಗ ನಾನು ಎದ್ದು ಸೆಲ್ವರಾಣಿಯನ್ನು ಹುಡುಕಿಕೊಂಡು ಹೋದೆ. ಬ್ಯಾಂಡೇಜ್ ಬಟ್ಟೆ ಮಡಿಸುತ್ತಿದ್ದಳು.

"ಬೋಂಡ ಅಲ್ಲ. ನಾನು ಉಪ್ಪು ಹಾಕಿದೆ. ಗೊತ್ತಿದ್ದೇ ಹಾಕಿದೆ" ಎಂದೆ.

ಮಡಿಸುವುದನ್ನು ನಿಲ್ಲಿಸಿದಳು. "ಯಾಕಮ್ಮಾ?"

"ನೀನು ಹೇಳಿದ್ದು ಕೇಳ್ತಾರೆ. ನಾನು ಹೇಳಿದ್ದು ಕೇಳಲ್ಲ."

ಬೈಯುತ್ತಾಳೆ ಅಂದುಕೊಂಡೆ, ಇಲ್ಲ ಸಮಾಧಾನ ಹೇಳುತ್ತಾಳೆ ಅಂದುಕೊಂಡೆ. ಎರಡನ್ನೂ ಮಾಡಲಿಲ್ಲ. ಕೈಯಲ್ಲಿದ್ದ ಬಟ್ಟೆಯನ್ನು ಪಕ್ಕಕ್ಕಿಟ್ಟು ಹೇಳಿದಳು: "ನಮ್ಮಪ್ಪ ಆರುಮುಗಂ ಅಂತ, ಗಣಿ ಒಳಗೆ ಕೆಲಸ. ಇದೇ ಕಾಯಿಲೆ. ಆಸ್ಪತ್ರೆಯಿಂದ ಬಂದ ದಿನ ಅಮ್ಮ ಆಸೆಯಿಂದ ಕರುವಾಡು ಕೊಳಂಬು ಮಾಡಿ ಹಾಕಿದ್ಲು. ವಾರಕ್ಕೆ ಹೋಗ್ಬಿಟ್ರು. ಉಪ್ಪು ವಿಷ ಅಂತ ಯಾರೂ ಅವಳಿಗೆ ಹೇಳಿರಲಿಲ್ಲ. ನಾನು ಈ ಕ್ಲಾಸು ಶುರು ಮಾಡಿದ್ದೇ ಅದಕ್ಕೆ." ಆಮೇಲೆ ನನ್ನ ಮುಖವನ್ನೇ ನೋಡಿ ಹೇಳಿದಳು: "ನಮ್ಮಮ್ಮನಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು."

ಆ ಮಾತು ಇನ್ನೂ ಎದೆಯಲ್ಲಿ ನಿಂತಿದೆ. ಹೋಗಲಿ ಬಿಡಿ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ತಪ್ಪು ನನ್ನದೂ ಇದೆ. ಒಲೆ ಮುಂದೆ ಇರೋರು ನೀವು. ನಿಮ್ಮನ್ನ ಗೋಡೆಗೆ ನಿಲ್ಲಿಸಿ ಗಂಡಸರಿಗೆ ಪಾಠ ಮಾಡಿದೆ" ಎಂದಳು.

ಅವತ್ತು ಸಂಜೆ ಇವರ ತಲೆದೆಸೆಯಲ್ಲಿ ಕೂತು ಇವರಿಗೂ ಹೇಳಿದೆ. ಕಣ್ಣು ಮುಚ್ಚಿಕೊಂಡೇ ಕೇಳಿಸಿಕೊಂಡರು.

"ಗೊತ್ತು ಕಣೇ. ಮೊದಲ್ನೇ ತುತ್ತಿಗೇ ಗೊತ್ತಾಯ್ತು" ಎಂದರು.

"ಗೊತ್ತಿದ್ದೂ ಯಾಕೆ ಉಂಡ್ರಿ? ಅವ್ಳ ಹತ್ರ ಬೋಂಡ ಅಂತ ಯಾಕೆ ಸುಳ್ಳೇಳಿದ್ರಿ?"

"ನೀನು ಎದ್ರಿಗೆ ಕೂತ್ಕಂಡು ನೋಡ್ತಿದ್ದೆ. ಎಷ್ಟು ವರ್ಷ ಆಗಿತ್ತು ನೀನಂಗೆ ಕೂತ್ಕಂಡು? ತಟ್ಟೆ ಇಟ್ಬುಟ್ಟು ಕೊಟ್ಟಿಗೆಗೆ ಓಗ್ತಿದ್ದೆ." ಉಸಿರು ಎಳೆದುಕೊಂಡರು. "ನಿನ್ನ ಯಾಕೆ ಬೈಸ್ಲಿ ಅವ್ಳ ಕೈಲಿ? ನನ್ಗೆ ಬೈದ್ರೆ ಬೈದ್ಲು."

ನಾನು ಅಳಲಿಲ್ಲ ಅಮ್ಮಾಜಿ. ಸಿಟ್ಟು ಬಂತು. ಇಷ್ಟು ಮಾತನ್ನು ಮನೆಯಲ್ಲಿ ಆಡಿದ್ದರೆ ನಾನು ಉಪ್ಪಿನ ಡಬ್ಬಿಗೆ ಕೈ ಹಾಕುತ್ತಿದ್ದೆನೇ ಎಂದು ಕೇಳಿದೆ. "ಮಾತಾಡಕ್ಕೆ ನಂಗೆಲ್ಲಿ ಬತ್ತದೆ" ಎಂದು ಆ ಕಡೆ ತಿರುಗಿದರು. ಅವಳ ಹತ್ತಿರ ಬರುತ್ತದೆ. ಅವಳು ಸ್ಟೂಲ್ ಎಳೆದುಕೊಂಡು ಕೂರುತ್ತಾಳೆ, ಅದಕ್ಕೆ ಬರುತ್ತದೆ. ನಾನು ನಿಂತುಕೊಂಡೇ ಕೇಳುತ್ತಿದ್ದೆ, ಕೈಯಲ್ಲಿ ಪೊರಕೆ ಹಿಡಿದು.

ಈಗ ಮಂಗಳವಾರದ ಕ್ಲಾಸಿನಲ್ಲಿ ಹೆಂಗಸರಿಗೂ ಬೆಂಚು ಇದೆ. ಹೋದ ವಾರ ಸೆಲ್ವರಾಣಿ ನನ್ನನ್ನೇ ಎಬ್ಬಿಸಿ ನಿಲ್ಲಿಸಿ, ಉಪ್ಪಿಲ್ಲದೆ ಸಾರು ಮಾಡುವುದನ್ನು ಹೇಳಿ ಎಂದಳು. ತಿಂಗಳಿಡೀ ಮಾಡಿ ಮಾಡಿ ಕಂಡುಕೊಂಡಿದ್ದೇನೆ: ಬೆಳ್ಳುಳ್ಳಿ ಸುಟ್ಟು ಹಾಕಬೇಕು, ಹುಚ್ಚೆಳ್ಳು ಹುರಿದು ಪುಡಿ ಮಾಡಿ ಉದುರಿಸಬೇಕು, ಕೊನೆಗೆ ನಿಂಬೆಹಣ್ಣು. ಅದನ್ನೇ ಹೇಳಿದೆ. ನಮ್ಮ ಪಕ್ಕದ ಬೀದಿಯ ಮುನಿಗಂಗಮ್ಮ, ಅವಳ ಗಂಡನಿಗೂ ಇದೇ ಕಾಯಿಲೆ, "ಕದ್ದು ಒಂದು ಹರಳು ಹಾಕಿದ್ರೆ ಏನಾಯ್ತದೆ?" ಎಂದು ಕೇಳಿದಳು. ಎಲ್ಲರೂ ನಕ್ಕರು. ನಾನು ನಗದೆ, ಏನಾಯಿತೆಂದು ಹೇಳಿದೆ. ನನ್ನ ಮನೆಯಲ್ಲೇ ಆದದ್ದು ಎಂದೂ ಹೇಳಿದೆ. ಇವರು ಚಾವಣಿ ನೋಡುತ್ತಾ ಕೂತಿದ್ದರು.

ಹೊಟ್ಟೆಕಿಚ್ಚು ಹೋಯಿತೇ ಎಂದು ನೀನು ಕೇಳುತ್ತೀಯೆ. ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಅವಳು "ವೆಂಕಟೇಶಪ್ಪಾ" ಎಂದು ಕೂಗಿದಾಗ ಈಗಲೂ ಒಳಗೆ ಚುರುಕ್ಕೆನ್ನುತ್ತದೆ. ಆದರೆ ಊಟಕ್ಕೆ ಬಡಿಸಿದ ಮೇಲೆ ಕೊಟ್ಟಿಗೆಗೆ ಹೋಗುವುದಿಲ್ಲ, ಎದುರಿಗೆ ಕೂರುತ್ತೇನೆ. ತೂಕ ಐವತ್ತೇಳೂವರೆಗೆ ಇಳಿದಿದೆ. ಯಾರ್ಡಿಗೆ ಇನ್ನು ಹೋಗಲಾಗುವುದಿಲ್ಲ. ಎಷ್ಟು ದಿನ ಎಂದು ಕೇಳಿದ್ದಕ್ಕೆ ಡಾಕ್ಟರು ನೇರವಾಗಿ ಹೇಳಲಿಲ್ಲ. ಸೆಲ್ವರಾಣಿ ಹೇಳಿದಳು: "ಹೇಳಿದ ಹಾಗೆ ನಡೆದ್ರೆ ವರ್ಷಗಳು. ಇನ್ನೊಂದ್ಸಲ ಹೀಗಾದ್ರೆ ನನ್ನ ಕೈಲಿಲ್ಲ."

ನಿನ್ನ ಮಗನ ಪರೀಕ್ಷೆ ಚೆನ್ನಾಗಿ ಆಗಲಿ. ನೀನು ನೂರು ಕಾಲ ಮುತ್ತೈದೆಯಾಗಿ, ನಗುನಗುತ್ತಾ ಬಾಳು ತಾಯಿ.

ನಿನ್ನ ಅಕ್ಕ,
ಗಂಗರತ್ನ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೆಳಗೆ ಉಳಿಸಿಕೊಂಡದ್ದು. ಕಾಮಸಮುದ್ರದ ನಮ್ಮ ಮನೆಗೆ ಇವರು ಹೆಣ್ಣು ನೋಡಲು ಬಂದ ದಿನ ನೀನು ಎಲೆ ಅಡಿಕೆ ತಟ್ಟೆ ಹಿಡಿದು ಬಂದೆ. ಇವರು ನಿನ್ನನ್ನು ನೋಡಿ "ಇದೇನಾ ಹುಡುಗಿ?" ಎಂದು ಕೇಳಿದರು. ದೊಡ್ಡವಳದ್ದು ಮೊದಲು ಆಗಬೇಕು ಎಂದು ಅಪ್ಪ ಹೇಳಿದ್ದಕ್ಕೆ ನಾನು ಇವರ ಪಾಲಿಗೆ ಬಂದೆ. ನಮ್ಮತ್ತೆ ಅದನ್ನು ಹಬ್ಬ ಹಬ್ಬಕ್ಕೂ ತಮಾಷೆಯಾಗಿ ಹೇಳಿ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಸೆಲ್ವರಾಣಿಯ ಮೇಲೆ ಹೊತ್ತಿದ ಕಿಚ್ಚು ಅವಳದಲ್ಲ ಅಮ್ಮಾಜಿ, ಮೂವತ್ತು ವರ್ಷದಿಂದ ನಿನ್ನ ಮೇಲೆ ಇದ್ದದ್ದು. ನೀನು ಪ್ರತಿ ಕಾಗದದ ಕೊನೆಯಲ್ಲಿ "ಭಾವನವರಿಗೆ ನನ್ನ ನಮಸ್ಕಾರ, ಅವರ ಆರೋಗ್ಯ ಹೇಗಿದೆ" ಎಂದು ಬರೆಯುತ್ತೀಯೆ. ಇವರು ಕಾಗದ ಓದಿಸಿಕೊಳ್ಳುವುದು ನನ್ನಿಂದಲೇ. ಆ ಸಾಲನ್ನು ನಾನು ಇವರಿಗೆ ಒಮ್ಮೆಯೂ ಓದಿ ಹೇಳಿರಲಿಲ್ಲ. ಮೊನ್ನೆ ನಿನ್ನ ಹಬ್ಬದ ಕಾಗದ ಬಂದಾಗ ಮೊದಲ ಸಲ ಓದಿದೆ. ಇವರು ಇನ್ನೊಮ್ಮೆ ಓದಿಸಿಕೊಂಡು, "ಇಷ್ಟು ವರ್ಷ ಒಂದ್ಸಲಾನೂ ಕೇಳ್ಲಿಲ್ಲ ಆ ಹುಡ್ಗಿ. ನನ್ನಿಂದ ಏನ್ ತಪ್ಪಾಯ್ತೋ ಅನ್ಕಂಡಿದ್ದೆ" ಎಂದರು. ಕಾಗದಗಳೆಲ್ಲ ಪೆಟ್ಟಿಗೆಯಲ್ಲಿವೆ, ಎಲ್ಲದರ ಕೊನೆಯ ಸಾಲು ಓದಿ ಹೇಳಲು ನನ್ನಿಂದ ಆಗುವುದಿಲ್ಲ. ನೀನೇ ಬಾ. ಬಂದು ಇವರ ಹತ್ತಿರ ಕೂತು ಮಾತಾಡು. ನಾನು ಹಿತ್ತಲಲ್ಲಿ ಹಸು ನೋಡಿಕೊಂಡಿರುತ್ತೇನೆ, ನೀನು ಕರೆಯುವವರೆಗೆ ಒಳಗೆ ಬರುವುದಿಲ್ಲ.